ಚೆದರುವ ಚಿತ್ತವೂ ಕೂಡಿಸುವ ಕೃತಿಯೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಓದಲ್ಪಟ್ಟ ಉಪನ್ಯಾಸ)

|| ಶ್ರೀ ಗುರುಬಸವಲಿಂಗಾಯ ನಮಃ ||



ಮಹೋತ್ಸವವು ಸಮೀಪಿಸುತ್ತಲೇ ಶ್ರೀಮಠದ ಅಂಗಳವು ತಳಿರುತೋರಣಗಳಿಂದ ಶೃಂಗಾರಗೊಳ್ಳುವುದು, ದಾಸೋಹದ ಒಲೆಗಳು ಹೊತ್ತಾರೆಯೇ ಉರಿಯತೊಡಗುವುದು, ನಾಲ್ಕು ದಿಕ್ಕಿನ ಗ್ರಾಮಗಳಿಂದ ಭಕ್ತರು ಬಂದು ನೆರೆಯುವುದು, ಇವೆಲ್ಲವೂ ಸಂತೋಷದ ವಿಷಯಗಳೇ ಸರಿ. ಆದರೆ ಉತ್ಸವವು ಕಣ್ಣಿಗೂ ಕಿವಿಗೂ ಹಬ್ಬವಾಗಿ ಮುಗಿದುಹೋಗದೆ ಮನಸ್ಸಿಗೂ ಒಂದಿಷ್ಟು ಬುತ್ತಿಯನ್ನು ಕಟ್ಟಿಕೊಡಬೇಕೆಂಬುದು ಹಿರಿಯರ ಅಭಿಪ್ರಾಯ. ಆದುದರಿಂದ ಈ ಉಪನ್ಯಾಸಕ್ಕೆ ಮಠದ ಚರಿತ್ರೆಯನ್ನಾಗಲಿ ಮಹಿಮೆಗಳನ್ನಾಗಲಿ ವಸ್ತುವಾಗಿ ಆರಿಸಿಕೊಂಡಿಲ್ಲ. ಎಲ್ಲರ ಮನೆಗಳಲ್ಲಿಯೂ ದಿನವೂ ಅನುಭವಕ್ಕೆ ಬರುತ್ತಿರುವ ಒಂದು ವ್ಯಾಧಿಯನ್ನೂ, ಅದಕ್ಕೆ ಇದೇ ತುಮಕೂರು ಸೀಮೆಯ ಹಿರಿಯರು ಕಂಡುಕೊಂಡಿದ್ದ ಒಂದು ಔಷಧವನ್ನೂ ಇಲ್ಲಿ ವಿಚಾರಿಸಲಾಗಿದೆ.

ವ್ಯಾಧಿಯ ಹೆಸರು ಚಿತ್ತದ ಚೆದರುವಿಕೆ. ಇದು ಹೊಸದೇನೂ ಅಲ್ಲ. ಮನಸ್ಸು ಮರ್ಕಟನೆಂದು ಹಿಂದಿನವರೂ ಹೇಳಿದ್ದರು. ಆದರೆ ಹಿಂದೆ ಮರ್ಕಟನು ತಾನಾಗಿ ಕೊಂಬೆಯಿಂದ ಕೊಂಬೆಗೆ ಹಾರುತ್ತಿತ್ತೇ ಹೊರತು ಕೊಂಬೆಗಳು ಅದನ್ನು ಕೂಗಿ ಕರೆಯುತ್ತಿರಲಿಲ್ಲ. ಇಂದಾದರೋ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಮೊಬೈಲು ಗಳಿಗೆಗೊಮ್ಮೆ ಸದ್ದುಮಾಡಿ ಕರೆಯುತ್ತದೆ. ಪೂಜೆಗೆ ಕುಳಿತವನ ಮಗ್ಗುಲಲ್ಲಿ ಅದು ಇರುತ್ತದೆ. ಊಟಕ್ಕೆ ಕುಳಿತವನ ಎಡಗೈಯಲ್ಲಿ ಅದು ಇರುತ್ತದೆ. ಗದ್ದುಗೆಯ ಮುಂದೆ ನಿಂತ ಭಕ್ತನು ಕಣ್ಮುಚ್ಚಿ ಒಂದು ಕ್ಷಣ ನಿಲ್ಲುವುದಕ್ಕೆ ಮೊದಲೇ ಛಾಯಾಚಿತ್ರವನ್ನು ತೆಗೆದುಕೊಂಡು ಮುಂದೆ ಸಾಗುತ್ತಾನೆ. ಮನೆಗೆ ಹೋದಮೇಲೆ ಗದ್ದುಗೆ ಹೇಗಿತ್ತೆಂದು ಕೇಳಿದರೆ ಚಿತ್ರವನ್ನು ನೋಡಿ ಹೇಳಬೇಕಾಗುತ್ತದೆ. ಇಷ್ಟಲಿಂಗಕ್ಕೆ ಪೀಠವಾಗಬೇಕಾದ ಅಂಗೈಯು ದಿನದ ಹೆಚ್ಚು ಹೊತ್ತು ಬೇರೊಂದಕ್ಕೆ ಪೀಠವಾಗಿರುವುದು ಯೋಚಿಸತಕ್ಕ ಸಂಗತಿಯಲ್ಲವೇ?

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ತೊಂದರೆಯುಂಟು. ಬೆಳಗಾಗುತ್ತಲೇ ಹೂವಿನ ಚಿತ್ರದ ಮೇಲೆ ಅಚ್ಚಾದ ವಚನವೊಂದು ಮೊಬೈಲಿಗೆ ಬರುತ್ತದೆ. ಬಂದವರಿಗೆ ಅದು ಪೂರ್ತಿ ಓದುವುದಕ್ಕೆ ಮೊದಲೇ ಹತ್ತು ಮಂದಿಗೆ ಕಳುಹಿಸಿಕೊಡುವ ವಸ್ತುವಾಗುತ್ತದೆ; ಆ ಹತ್ತು ಮಂದಿಯೂ ಹಾಗೆಯೇ ಮಾಡುತ್ತಾರೆ. ಹೀಗೆ ನೂರು ಕೈಗಳನ್ನು ಹಾದುಹೋದ ವಚನವು ಒಂದು ಹೃದಯದಲ್ಲಿಯೂ ತಂಗಲಿಲ್ಲವೆಂದರೆ, ಅದು ಹಂಚಿಕೆಯಾಯಿತೇ ಹೊರತು ಪ್ರಸಾದವಾಗಲಿಲ್ಲ. ಕೆಟ್ಟ ಮಾತು ಮನಸ್ಸನ್ನು ಚೆದರಿಸುವುದು ಸಹಜ. ಒಳ್ಳೆಯ ಮಾತೂ ಚೆದರಿಸತೊಡಗಿದರೆ ವ್ಯಾಧಿಯು ಒಳಕ್ಕಿಳಿದಿದೆಯೆಂದು ತಿಳಿಯಬೇಕು.

ಹಾಗಾದರೆ ಎಲ್ಲವನ್ನೂ ಬಿಸಾಡಿ ಕಾಡು ಸೇರಬೇಕೆಂದು ಕೆಲವರು ಹೇಳುವುದುಂಟು. ಅದು ಸಂಸಾರಿಗಳಿಂದ ಆಗುವ ಮಾತಲ್ಲ. ಗುಬ್ಬಿಯ ತೋಟದ ಒಕ್ಕಲಿಗನಿಗೆ ಅಡಕೆ ಕೊಬ್ಬರಿಗಳ ಧಾರಣೆ ತಿಳಿಯಬೇಕು. ಕುಣಿಗಲ್ಲಿನ ತಾಯಿಗೆ ದೂರದ ಊರಿನಲ್ಲಿರುವ ಮಗನ ದನಿ ಕೇಳಬೇಕು. ತುಮಕೂರಿನ ವಿದ್ಯಾರ್ಥಿಗೆ ಪಾಠವೇ ಅದರ ಮೂಲಕ ಬರುತ್ತದೆ. ಬಸವಾದಿ ಶರಣರು ಸಂಸಾರವನ್ನು ಬಿಟ್ಟು ಓಡಿರೆಂದು ಎಲ್ಲಿಯೂ ಬೋಧಿಸಲಿಲ್ಲ. ಸಂಸಾರದ ನಡುವೆಯೇ ಎಚ್ಚರವಾಗಿರುವ ಉಪಾಯವನ್ನು ಹೇಳಿಕೊಟ್ಟರು. ಆ ಉಪಾಯದ ಒಂದು ಮುಖ್ಯವಾದ ಅಂಗವೇ ಕೃತಿ, ಎಂದರೆ ಹಿಂದೆ ಇಲ್ಲದಿದ್ದ ಒಂದನ್ನು ವಿವೇಕದಿಂದ ಕೂಡಿಸಿ ನಿಲ್ಲಿಸುವ ಕೆಲಸ. ಈಚೆಗೆ ಇದನ್ನು ಸೃಜನಶೀಲತೆಯೆಂದು ಕರೆಯುತ್ತಾರೆ. ಈ ಹೆಸರನ್ನು ಕೇಳಿದೊಡನೆಯೇ ಇದು ಕವಿಗಳಿಗೂ ಚಿತ್ರಗಾರರಿಗೂ ಸಂಬಂಧಿಸಿದ್ದೆಂದು ಜನರು ಹಿಂದೆ ಸರಿಯುತ್ತಾರೆ. ಆದರೆ ಆಲಂಕಾರಿಕರು ಪ್ರತಿಭೆಯನ್ನು ಪ್ರಜ್ಞೆಯ ಒಂದು ಬಗೆಯೆಂದೇ ನಿರೂಪಿಸಿದ್ದಾರೆ. ಪ್ರಜ್ಞೆಯೆಂದರೆ ಎಚ್ಚರ, ಎಚ್ಚರವು ಯಾರೊಬ್ಬರ ಸ್ವತ್ತೂ ಅಲ್ಲ.

ಹನ್ನೆರಡನೆಯ ಶತಮಾನದ ಶರಣರನ್ನು ನೆನೆದರೆ ಇದು ಸ್ಪಷ್ಟವಾಗುವುದು. ನುಲಿಯ ಚಂದಯ್ಯನು ಹಗ್ಗ ಹೊಸೆಯುವವನು, ಮೇದರ ಕೇತಯ್ಯನು ಬುಟ್ಟಿ ಹೆಣೆಯುವವನು, ಅಂಬಿಗರ ಚೌಡಯ್ಯನು ದೋಣಿ ನಡೆಸುವವನು, ಕದಿರ ರೆಮ್ಮವ್ವೆಯು ನೂಲುವವಳು. ಇವರೆಲ್ಲರೂ ಕಾಯಕವನ್ನು ಮುಗಿಸಿ, ಬಿಡುವು ಮಾಡಿಕೊಂಡು ಸಾಹಿತ್ಯಕ್ಕೆ ಕುಳಿತವರಲ್ಲ. ನೂಲುವ ಕದಿರೇ, ನಡೆಸುವ ಹುಟ್ಟೇ ಅವರ ವಚನಗಳಿಗೆ ಮಾತನ್ನು ಕೊಟ್ಟಿತು. ಕೈಯು ಒಂದು ಕೆಲಸದಲ್ಲಿ ನೆಲೆನಿಂತಾಗ ಮನಸ್ಸೂ ನೆಲೆನಿಂತಿತು. ನೆಲೆನಿಂತ ಮನಸ್ಸು ಮಾತನಾಡಿತು. ಆ ಮಾತನ್ನು ಮುಂದಿನವರು ವಚನವೆಂದು ತಲೆಯ ಮೇಲಿಟ್ಟುಕೊಂಡರು.

ಕಲ್ಯಾಣದ ವಿಪ್ಲವದಲ್ಲಿ ಶರಣರು ನಾನಾ ದಿಕ್ಕುಗಳಿಗೆ ಚೆದರಿದರು. ಅವರೊಡನೆ ವಚನದ ಕಟ್ಟುಗಳೂ ಚೆದರಿದುವು. ಕೆಲವು ಮನೆಗಳ ಜಂತಿಯ ಮೇಲೆ ಉಳಿದುವು. ಎಷ್ಟೋ ಗೆದ್ದಲಿಗೆ ಆಹುತಿಯಾದುವು. ಚೆದರಿದುದನ್ನು ಮತ್ತೆ ಕೂಡಿಸುವ ಮಹಾಕಾರ್ಯವು ನಡೆದುದು ಅನಂತರ ಸುಮಾರು ಮುನ್ನೂರು ವರ್ಷಗಳಾದಮೇಲೆ, ವಿಜಯನಗರದ ಅರಸರ ಕಾಲದಲ್ಲಿ. ಆ ಕಾರ್ಯದ ಒಂದು ದೊಡ್ಡ ಭಾಗವು ಈ ತುಮಕೂರು ಸೀಮೆಯಲ್ಲಿಯೇ ನಡೆಯಿತೆಂಬುದನ್ನು ಇಲ್ಲಿಯ ಭಕ್ತರು ಅಭಿಮಾನದಿಂದಲೂ, ಅಭಿಮಾನಕ್ಕಿಂತ ಹೆಚ್ಚಾಗಿ ಜವಾಬ್ದಾರಿಯಿಂದಲೂ ಸ್ಮರಿಸಬೇಕು.

ಕುಣಿಗಲ್ ತಾಲ್ಲೂಕಿನ ಕಗ್ಗೆರೆಯು ನಾಗಿನಿ ಹೊಳೆಯ ದಡದಲ್ಲಿರುವ ಗ್ರಾಮ. ಅಲ್ಲಿ ಭಕ್ತನೊಬ್ಬನ ತೋಟದಲ್ಲಿ ಸಿದ್ಧಲಿಂಗಯತಿಗಳು ಶಿವಯೋಗನಿಷ್ಠರಾಗಿ ಕುಳಿತರೆಂದೂ, ಅವರ ಸುತ್ತಲೂ ಹುತ್ತವು ಬೆಳೆಯಿತೆಂದೂ, ಹಸುವೊಂದು ಬಂದು ಆ ಹುತ್ತದ ಮೇಲೆ ಹಾಲನ್ನು ಸುರಿಸುತ್ತಿತ್ತೆಂದೂ ಪರಂಪರೆಯು ಹೇಳುವುದು. ತೋಟದಲ್ಲಿ ನೆಲಸಿದುದರಿಂದಲೇ ಅವರಿಗೆ ತೋಂಟದ ಸಿದ್ಧಲಿಂಗರೆಂಬ ಹೆಸರಾಯಿತು. ಅದೇ ತಾಲ್ಲೂಕಿನ ಯಡೆಯೂರಿನಲ್ಲಿ ಅವರ ನಿರ್ವಿಕಲ್ಪ ಸಮಾಧಿಯ ಕ್ಷೇತ್ರವಿದ್ದು ಇಂದಿಗೂ ಸಹಸ್ರಾರು ಭಕ್ತರನ್ನು ಆಕರ್ಷಿಸುತ್ತಿದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಅವರು ಕುಳಿತುದು ಗುಹೆಯಲ್ಲಿ ಅಲ್ಲ, ತೋಟದಲ್ಲಿ. ತೋಟವೆಂದರೆ ಏತ ಗಿರಕಿಹೊಡೆಯುವ, ಕಾಲುವೆಯ ನೀರು ತಿರುಗುವ, ಆಳುಕಾಳುಗಳು ಮಾತನಾಡುವ, ದನಕರುಗಳು ನುಗ್ಗುವ ಸ್ಥಳ. ಅಂಥ ಸ್ಥಳದಲ್ಲಿ ಸ್ತಬ್ಧವಾಗಬಲ್ಲ ಮನಸ್ಸಿಗೆ ಹೊರಗಿನ ಸದ್ದು ವಿಘ್ನವಾಗಲಾರದು. ಎರಡನೆಯದು, ಹುತ್ತವು ಬೆಳೆಯುವಷ್ಟು ನಿಶ್ಚಲವಾಗಿ ಕುಳಿತ ಆ ಮಹನೀಯರೇ 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ದ ಕರ್ತೃಗಳೂ ಆಗಿದ್ದಾರೆ. ಸುಮ್ಮನೆ ಕುಳಿತವರಿಗೆ ಇಷ್ಟೊಂದು ನುಡಿಯುವ ಅಗತ್ಯವೇನಿದ್ದಿತು? ಮೌನವೇ ಗುರಿಯಾದರೆ ರಚನೆಯೇಕೆ?

ಈ ಪ್ರಶ್ನೆಗೆ ಉತ್ತರವು ಆ ಗ್ರಂಥದ ಕಟ್ಟಿನಲ್ಲಿಯೇ ಇರುವುದು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳನ್ನೂ ಅವುಗಳ ಒಳಭೇದಗಳನ್ನೂ ಅನುಸರಿಸಿ ವಚನಗಳು ಅಲ್ಲಿ ಕ್ರಮವಾಗಿ ನಿಂತಿವೆ. ತೋಟಗಾರನು ಪಾತಿಗಳನ್ನು ಮಾಡಿ ಒಂದೊಂದು ಗಿಡಕ್ಕೂ ನೀರು ತಲಪುವಂತೆ ತಿರುವುವ ಹಾಗೆ, ಸಾಧಕನ ಒಂದೊಂದು ಅವಸ್ಥೆಗೂ ಅನುಭಾವದ ನೀರು ತಲಪುವಂತೆ ಅದು ಏರ್ಪಟ್ಟಿದೆ. ನೀರು ಹೇರಳವಾಗಿದ್ದರೆ ಸಾಲದು. ಪಾತಿಯಿಲ್ಲದ ನೀರು ಹರಿದು ಹಳ್ಳ ಸೇರುವುದು. ಅನುಭವವೂ ಹಾಗೆಯೇ. ರಚನೆಯೆಂಬ ಪಾತಿಯಿಲ್ಲದೆ ಎಷ್ಟು ಕೇಳಿದರೂ, ಎಷ್ಟು ನೋಡಿದರೂ, ಎಷ್ಟು ಯಾತ್ರೆಮಾಡಿದರೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಕುಣಿಗಲ್ಲಿಗೆ ಕುದುರೆಗಳ ಊರೆಂಬ ಪ್ರಸಿದ್ಧಿಯೂ ಉಂಟು. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯಕ್ಕಾಗಿ ಅಲ್ಲಿ ಕುದುರೆಗಳನ್ನು ಬೆಳೆಸುತ್ತಿದ್ದರು. ಕುದುರೆಯನ್ನು ಪಳಗಿಸುವವರು ಅದರ ಕಾಲನ್ನು ಕಟ್ಟಿ ಲಾಯದಲ್ಲಿಯೇ ನಿಲ್ಲಿಸಿ ಪಳಗಿಸುವುದಿಲ್ಲ. ಕಡಿವಾಣ ಹಾಕಿ ಹೊರಗೆ ತಂದು, ಒಂದೇ ದಾರಿಯಲ್ಲಿ ನಡೆಸಿ ನಡೆಸಿ ಪಳಗಿಸುತ್ತಾರೆ. ಮನಸ್ಸಿನ ವಿಷಯದಲ್ಲಿಯೂ ಇದೇ ನ್ಯಾಯ. ‘ಚೆದರಬೇಡ’ ಎಂದು ಅದಕ್ಕೆ ನೂರು ಸಲ ಹೇಳಿದರೂ ಕೇಳದು. ಕೈಗೆ ಒಂದು ಕೆಲಸವನ್ನು ಕೊಟ್ಟು, ಆ ಕೆಲಸವು ಸರಿಯಾಗುವವರೆಗೂ ಬಿಡದೆ ನಡೆಸಿದರೆ ತಾನಾಗಿ ಹದಕ್ಕೆ ಬರುವುದು.

ಇನ್ನು ತುಮಕೂರಿನ ಸಮೀಪದ ಗೂಳೂರಿಗೆ ಬರೋಣ. ಗೂಳೂರು ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದವರಲ್ಲಿ ಕೊನೆಯವರು. ಅವರಿಗಿಂತ ಮೊದಲು ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ ಎಂಬ ಮೂವರು ಈ ಕೆಲಸವನ್ನು ಮಾಡಿದ್ದರು. ಅಲ್ಲಮಪ್ರಭುವನ್ನು ಕೇಂದ್ರವಾಗಿಟ್ಟುಕೊಂಡು, ನಾನಾ ಶರಣರು ನಾನಾ ಸಂದರ್ಭಗಳಲ್ಲಿ ನುಡಿದ ವಚನಗಳನ್ನು ಪ್ರಶ್ನೆಗೆ ಉತ್ತರವಾಗಿ, ಉತ್ತರಕ್ಕೆ ಮರುಪ್ರಶ್ನೆಯಾಗಿ ಜೋಡಿಸಿ, ನಡುನಡುವೆ ಗದ್ಯದ ಕೊಂಡಿಗಳನ್ನು ಹಾಕಿ ಒಂದು ಮಹಾಸಂವಾದವನ್ನಾಗಿ ಮಾಡಿದ ಗ್ರಂಥವದು. ಸಂಪಾದಕನ ಸ್ವಂತ ಮಾತು ಅದರಲ್ಲಿ ಅತ್ಯಲ್ಪ. ಹಾಗಿದ್ದೂ ಅದು ಹೊಸ ಕೃತಿಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಬೇರೆ ಬೇರೆ ಓಲೆಗಳಲ್ಲಿ ಬಿದ್ದಿದ್ದ ಮಾತುಗಳು ಒಂದಕ್ಕೊಂದು ಉತ್ತರ ಕೊಡುತ್ತಿರುವುದನ್ನು ಕಿವಿಗೊಟ್ಟು ಕೇಳಿದುದೇ ಅಲ್ಲಿಯ ಪ್ರತಿಭೆ.

ಆ ಕೆಲಸದ ಶ್ರಮವನ್ನು ಇಂದಿನವರು ಊಹಿಸಿಕೊಳ್ಳಬೇಕು. ತಾಳೆಯ ಗರಿಯನ್ನು ಹದಮಾಡಿ, ಕತ್ತರಿಸಿ, ಕಂಟದ ಮೊನೆಯಿಂದ ಅಕ್ಷರಗಳನ್ನು ಕೊರೆದು, ಕಾಡಿಗೆಯನ್ನು ಸವರಿ ಒರೆಸಿದಮೇಲೆ ಅಕ್ಷರವು ಕಣ್ಣಿಗೆ ಕಾಣುವುದು. ತಪ್ಪಾಗಿ ಕೊರೆದ ಗೆರೆಯನ್ನು ಅಳಿಸುವುದು ಸುಲಭವಲ್ಲ. ಬೇಕಾದ ವಚನವನ್ನು ಹುಡುಕಲು ಅಕಾರಾದಿ ಸೂಚಿಯಿಲ್ಲ. ನೂರಾರು ವಚನಗಳು ನಾಲಗೆಯ ತುದಿಯಲ್ಲಿದ್ದರೆ ಮಾತ್ರ ಯಾವುದು ಯಾವುದಕ್ಕೆ ಹೊಂದುವುದೆಂದು ಹೊಳೆಯುವುದು. ಇಂಥ ಕೆಲಸವನ್ನು ಚೆದರಿದ ಮನಸ್ಸು ಮಾಡಲಾರದು. ಹಾಗೆಂದು ಅವರ ಮನಸ್ಸು ಮೊದಲೇ ಏಕಾಗ್ರವಾಗಿತ್ತು, ಆಮೇಲೆ ಕೆಲಸಕ್ಕೆ ಕೈಹಾಕಿದರು ಎಂದು ತಿಳಿಯಬೇಕಾಗಿಲ್ಲ. ಒಂದೊಂದೇ ಓಲೆಯನ್ನು ಬರೆಯುತ್ತ ಬರೆಯುತ್ತಲೇ ಏಕಾಗ್ರತೆಯು ಬೆಳೆಯುವುದು. ಈ ಕ್ರಮವನ್ನು ತಲೆಕೆಳಗಾಗಿ ತಿಳಿದುಕೊಂಡಿರುವುದರಿಂದಲೇ ‘ಮನಸ್ಸು ನಿಂತಮೇಲೆ ಏನಾದರೂ ಮಾಡೋಣ’ ಎಂದು ಅನೇಕರು ಆಯುಷ್ಯವನ್ನೇ ಕಳೆಯುತ್ತಾರೆ.

‘ಸಂಪಾದನೆ’ ಎಂಬ ಮಾತಿಗೆ ಕನ್ನಡದಲ್ಲಿ ಗ್ರಂಥವನ್ನು ಪರಿಷ್ಕರಿಸುವುದೆಂಬ ಅರ್ಥವೂ ಉಂಟು, ದುಡಿದು ಗಳಿಸುವುದೆಂಬ ಅರ್ಥವೂ ಉಂಟು. ಗೂಳೂರಿನ ಒಡೆಯರಲ್ಲಿ ಈ ಎರಡು ಅರ್ಥಗಳೂ ಒಂದಾಗಿದ್ದುವು. ಇಂದು ಸಂಗ್ರಹವು ಹೆಚ್ಚಾಗಿ ಸಂಪಾದನೆಯು ಕಡಿಮೆಯಾಗಿದೆ. ಕರ್ನಾಟಕ ಸರ್ಕಾರವು 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ಪ್ರಕಟಿಸಿತು. ಈಗ ಬೆರಳಿನಿಂದ ಒತ್ತಿದ ಮಾತ್ರಕ್ಕೆ ಬೇಕಾದ ವಚನವು ಕಣ್ಣೆದುರಿಗೆ ಬರುತ್ತದೆ. ಇದು ಮಹೋಪಕಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಕಣಜದಲ್ಲಿ ಧಾನ್ಯವಿರುವುದು ಬೇರೆ, ಹಸಿದವನು ಉಂಡು ಅರಗಿಸಿಕೊಳ್ಳುವುದು ಬೇರೆ.

ಆ ಕಣಜವು ತುಂಬಿದುದಾದರೂ ಹೇಗೆ? ಗೂಳೂರಿನ ಶೂನ್ಯಸಂಪಾದನೆಯು 1930ರಲ್ಲಿ ಅಚ್ಚಾಗಿ ಲೋಕಕ್ಕೆ ದೊರಕಿದುದು ವಿಜಯಪುರದ ಫ. ಗು. ಹಳಕಟ್ಟಿಯವರ ಪರಿಶ್ರಮದಿಂದ. ಅವರು ವೃತ್ತಿಯಿಂದ ವಕೀಲರು. ನಗರದ ಶಿಕ್ಷಣ, ಸಹಕಾರ ಮೊದಲಾದ ಸಾರ್ವಜನಿಕ ಕಾರ್ಯಗಳಲ್ಲೆಲ್ಲ ತೊಡಗಿದ್ದವರು. ಬಿಡುವಿಲ್ಲವೆಂದು ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗಿದ್ದಿತು. ಹಾಗಿದ್ದೂ ಓಲೆಯ ಕಟ್ಟುಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ, ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ತುಮಕೂರು ಸೀಮೆಯಲ್ಲಿ ಓಲೆಯ ಮೇಲೆ ಕೂಡಿದುದು ನಾಲ್ಕು ಶತಮಾನಗಳ ತರುವಾಯ ವಿಜಯಪುರದಲ್ಲಿ ಕಾಗದದ ಮೇಲೆ ಕೂಡಿತು. ನಡುವೆ ಒಂದು ತಲೆಮಾರು ‘ನಮಗೇಕೆ’ ಎಂದು ಕೈಬಿಟ್ಟಿದ್ದರೂ ಈ ದಾರ ಕಡಿದುಹೋಗುತ್ತಿತ್ತು.

ಇಲ್ಲಿ ವಿಚಾರವಂತರು ಒಂದು ಆಕ್ಷೇಪಣೆಯನ್ನು ಎತ್ತಬಹುದು. ಮಾಡುವುದೇ ಮನಸ್ಸನ್ನು ಚೆದರಿಸುವುದಿಲ್ಲವೇ? ದೊಡ್ಡ ದೊಡ್ಡ ಕೆಲಸಗಳನ್ನು ಮಾಡುತ್ತ ಮಾಡುತ್ತ ತನ್ನನ್ನೇ ಮರೆತವರು ಎಷ್ಟು ಜನರಿಲ್ಲ? ಈ ಆಕ್ಷೇಪಣೆಯನ್ನು ಶೂನ್ಯಸಂಪಾದನೆಯೇ ಎತ್ತಿದೆ. ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮನು ಕೆರೆಗಳನ್ನೂ ದೇವಾಲಯಗಳನ್ನೂ ಕಟ್ಟಿಸುವುದರಲ್ಲಿ ಮಗ್ನನಾಗಿದ್ದಾಗ ಅಲ್ಲಮಪ್ರಭುವು ಅಲ್ಲಿಗೆ ಬಂದು ಕಟುವಾದ ಮಾತುಗಳಿಂದ ಕೆಣಕಿದನು. ಕೆಲಸಗಾರರು ಸಿಟ್ಟಿಗೆದ್ದು ಕಲ್ಲೆಸೆದರು, ಸಿದ್ಧರಾಮನೂ ಕೋಪಗೊಂಡನು. ಕಡೆಗೆ ವಾದವು ಬೋಧವಾಗಿ ತಿರುಗಿ ಸಿದ್ಧರಾಮನು ಪ್ರಭುವಿನೊಡನೆ ಕಲ್ಯಾಣಕ್ಕೆ ನಡೆದನು.

ಕೆರೆಯನ್ನು ಕಟ್ಟಿದುದು ತಪ್ಪೆಂಬುದು ಈ ಪ್ರಸಂಗದ ತಾತ್ಪರ್ಯವಲ್ಲ. ಕೆರೆಯು ದಾರಿಹೋಕರಿಗೂ ದನಕರುಗಳಿಗೂ ನೀರನ್ನು ಕೊಡುತ್ತಲೇ ಇದ್ದಿತು. ಕಟ್ಟಿದವನು ತಾನೆಂಬ ಭಾವವು ಕಟ್ಟುವವನನ್ನೇ ಕಟ್ಟಿಹಾಕಿದ್ದಿತು. ಪ್ರಭುವು ಬಿಡಿಸಿದುದು ಆ ಕಟ್ಟನ್ನು. ಈ ಎಚ್ಚರಿಕೆಯು ಇಂದಿಗೆ ಇನ್ನೂ ಹೆಚ್ಚಾಗಿ ಬೇಕಾಗಿದೆ. ನಾಲ್ಕು ಸಾಲು ಬರೆದೊಡನೆ, ಒಂದು ಚಿತ್ರ ತೆಗೆದೊಡನೆ, ಒಂದು ಹಾಡು ಹೇಳಿದೊಡನೆ ಲೋಕಕ್ಕೆಲ್ಲ ತೋರಿಸಿ ಎಷ್ಟು ಮಂದಿ ಮೆಚ್ಚಿದರೆಂದು ಎಣಿಸುತ್ತ ಕುಳಿತರೆ, ಕೃತಿಯೆಂಬ ಔಷಧವೇ ವ್ಯಾಧಿಯಾಯಿತು. ಮಾಡಿ ಮುಗಿಸಿದಮೇಲೆ ಮನಸ್ಸು ಹಗುರವಾದರೆ ಅದು ಕೃತಿ. ಮೆಚ್ಚಿಕೆಗಾಗಿ ಮತ್ತೆ ಮತ್ತೆ ಹಪಹಪಿಸಿದರೆ ಅದು ಇನ್ನೊಂದು ಬಗೆಯ ಚೆದರುವಿಕೆ. ಕಾಯಕಕ್ಕೆ ದಾಸೋಹವನ್ನು ಜೊತೆಮಾಡಿದ ಶರಣರ ಜಾಣ್ಮೆಯು ಇಲ್ಲಿ ಅರ್ಥವಾಗುವುದು. ಮಾಡಿದುದನ್ನು ಪರರಿಗೆ ಒಪ್ಪಿಸಿಬಿಟ್ಟವನಿಗೆ ಎಣಿಸುವ ಕೆಲಸವೇ ಉಳಿಯುವುದಿಲ್ಲ.

ಕೃತಿಯು ಓಲೆಯ ಮೇಲೆಯೇ ಆಗಬೇಕೆಂದೇನೂ ಇಲ್ಲವೆಂಬುದಕ್ಕೆ ತುಮಕೂರಿನ ಸಿದ್ಧಗಂಗೆಯೇ ನಿದರ್ಶನ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 1930ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ, 1941ರಲ್ಲಿ ಮಠದ ಭಾರವನ್ನು ಹೊತ್ತು, 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅನ್ನ, ಆಶ್ರಯ, ಅಕ್ಷರಗಳೆಂಬ ತ್ರಿವಿಧ ದಾಸೋಹವೇ ಅವರು ರಚಿಸಿದ ಮಹಾಕೃತಿ. ಸಾವಿರಾರು ಮಕ್ಕಳ ಗದ್ದಲ, ದರ್ಶನಾರ್ಥಿಗಳ ಸಂದಣಿ, ಲೆಕ್ಕಪತ್ರಗಳ ಚಿಂತೆ ಇವುಗಳ ನಡುವೆಯೇ ಪೂಜೆಯು ನಡೆಯಿತು. ಪ್ರಾರ್ಥನೆಗೆ ಸಾಲಾಗಿ ಕುಳಿತ ಮಕ್ಕಳ ಮುಂದೆ ಅವರೂ ಕುಳಿತರು. ಗದ್ದಲದಿಂದ ದೂರ ಹೋಗಿ ಗಳಿಸಿದ ಶಾಂತಿಯಲ್ಲ ಅದು. ಗದ್ದಲಕ್ಕೇ ಒಂದು ಕ್ರಮವನ್ನು ಕಲಿಸಿದ ಶಾಂತಿ.

ಗುಬ್ಬಿಯು ಇದೇ ತತ್ತ್ವಕ್ಕೆ ಎರಡು ಬೇರೆ ಬೇರೆ ಮುಖಗಳನ್ನು ತೋರಿಸುವುದು. ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ‘ಭಾವಚಿಂತಾರತ್ನ’ವನ್ನೂ 1530ರಲ್ಲಿ ‘ವೀರಶೈವಾಮೃತ ಪುರಾಣ’ವನ್ನೂ ರಚಿಸಿದನು. ಈ ಎರಡರ ನಡುವೆ ಹದಿನೇಳು ವರ್ಷಗಳು. ಇಷ್ಟು ದೀರ್ಘಕಾಲ ಷಟ್ಪದಿಯ ಲಯದಲ್ಲಿ ಶರಣರ ಚರಿತ್ರೆಗಳನ್ನು ಹೊತ್ತು ನಡೆಯುವುದೆಂದರೆ, ಅದೂ ಒಂದು ಬಗೆಯ ಶಿವಯೋಗವೆಂದೇ ಹೇಳಬೇಕು.

ಎರಡನೆಯ ಮುಖವು ರಂಗಭೂಮಿ. 1884ರಲ್ಲಿ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ಸ್ವಾಮಿಯ ಹೆಸರಿನಲ್ಲಿ ಪ್ರಾರಂಭವಾದ ನಾಟಕ ಸಂಘವನ್ನು 1917ರಲ್ಲಿ ವಹಿಸಿಕೊಂಡ ಗುಬ್ಬಿ ವೀರಣ್ಣನವರು ಅದನ್ನು ಕನ್ನಡನಾಡಿನ ಮಹಾಸಂಸ್ಥೆಯನ್ನಾಗಿ ಬೆಳೆಸಿದರು. ‘ಕುರುಕ್ಷೇತ್ರ’ ನಾಟಕದಲ್ಲಿ ರಂಗದ ಮೇಲೆ ಆನೆ ಕುದುರೆಗಳೇ ಬಂದುವೆಂದು ಹಿರಿಯರು ಹೇಳುತ್ತಿದ್ದರು. ನಾಟಕವು ಮನಸ್ಸನ್ನು ಸೆಳೆಯುವ ಮೋಜಲ್ಲವೇ, ಅದನ್ನು ಈ ಪ್ರಸಂಗದಲ್ಲಿ ಹೇಳಬಹುದೇ ಎಂದು ಕೆಲವರಿಗೆ ಸಂದೇಹ ಬರಬಹುದು. ನೋಡುವವನಿಗೆ ಅದು ಮೋಜೇ ಸರಿ. ಆದರೆ ಮಾಡುವವನಿಗೆ? ಬಣ್ಣ ಹಚ್ಚುವವನು, ಪರದೆ ಎಳೆಯುವವನು, ಹಾರ್ಮೋನಿಯಂ ನುಡಿಸುವವನು, ಮಾತನ್ನು ಕಂಠಪಾಠಮಾಡಿ ಸರಿಯಾದ ಗಳಿಗೆಗೆ ನುಡಿಯುವವನು, ಇವರಲ್ಲಿ ಒಬ್ಬನ ಮನಸ್ಸು ಚೆದರಿದರೂ ಇಡೀ ದೃಶ್ಯವು ಕೆಡುವುದು. ಮುಂದೆ ಕನ್ನಡಿಗರ ವರನಟರಾದ ರಾಜಕುಮಾರ್ ಅವರೂ, ರಂಗನಿರ್ದೇಶಕರಾದ ಬಿ. ವಿ. ಕಾರಂತರೂ ಎಳೆಯ ವಯಸ್ಸಿನಲ್ಲಿ ಈ ಕಂಪನಿಯ ಗರಡಿಯಲ್ಲಿ ಪಳಗಿದವರು. ವೀರಣ್ಣನವರ ಆತ್ಮಕಥೆಯ ಹೆಸರೇ ‘ಕಲೆಯೇ ಕಾಯಕ’. ಒಂದೇ ನಾಟಕವು ಮಂಡಪದ ಒಂದು ಪಕ್ಕದಲ್ಲಿ ವಿನೋದವಾಗಿಯೂ ಇನ್ನೊಂದು ಪಕ್ಕದಲ್ಲಿ ತಪಸ್ಸಾಗಿಯೂ ಇದ್ದಿತು. ಇಂದಿನ ಕಷ್ಟವೇನೆಂದರೆ, ಎಲ್ಲರೂ ನೋಡುವವರ ಪಕ್ಕಕ್ಕೇ ಬಂದು ಕುಳಿತಿದ್ದಾರೆ. ಪರದೆಯ ಹಿಂದೆ ನಿಲ್ಲುವವರು ವಿರಳರಾಗಿದ್ದಾರೆ.

ಇಷ್ಟೆಲ್ಲ ಮಹನೀಯರನ್ನು ಕೇಳಿದಮೇಲೆ, ‘ಓದುಬರಹವಿಲ್ಲದ ನಮ್ಮಿಂದ ಏನಾದೀತು?’ ಎಂದು ಮಾತೆಯರು ಕೇಳಬಹುದು. ಕುಣಿಗಲ್ ಕೆರೆಯನ್ನು ಕುರಿತ ಜನಪದ ಹಾಡನ್ನು ಅರಿಯದ ಕನ್ನಡಿಗರು ವಿರಳ. ಅದನ್ನು ಕಟ್ಟಿದವರು ಯಾರೆಂದು ಯಾವ ಶಾಸನವೂ ಹೇಳುವುದಿಲ್ಲ, ಯಾವ ಓಲೆಯೂ ಹೇಳುವುದಿಲ್ಲ. ದಿನವೂ ನೋಡುವ ಕೆರೆಯನ್ನು ಒಂದು ದಿನ ನಿಜವಾಗಿ ನೋಡಿದ ಯಾರೋ ಒಬ್ಬರು ಅದನ್ನು ಹಾಡಾಗಿ ಕೂಡಿಸಿದರು. ಹೆಸರನ್ನು ಬಿಟ್ಟು ಹಾಡನ್ನು ಮಾತ್ರ ಊರಿಗೆ ಒಪ್ಪಿಸಿ ಹೋದರು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹುಟ್ಟಿದ ಹಾಡುಗಳೆಲ್ಲವೂ ಇದೇ ಬಗೆಯವು. ದಾಸೋಹಕ್ಕೆ ಇನ್ನೇನೂ ಕೊಡಲಾರದವಳು ಒಂದು ಹಾಡನ್ನು ಕೊಟ್ಟರೂ ಅದು ಸಲ್ಲುವುದು.

ಈಗ ಆಚರಣೆಯ ಮಾತು. ಉಪನ್ಯಾಸಗಳೆಲ್ಲವೂ ಕೇಳುವಾಗ ಇಂಪಾಗಿದ್ದು, ಹೊರಗೆ ಹೋಗಿ ಪಾದರಕ್ಷೆಯನ್ನು ಮೆಟ್ಟುವಷ್ಟರಲ್ಲಿ ಮರೆತುಹೋಗುವುದುಂಟು. ಆದಕಾರಣ ಪ್ರತಿಯೊಬ್ಬರಿಂದಲೂ ಆಗತಕ್ಕ ಮೂರು ಚಿಕ್ಕ ಕೆಲಸಗಳನ್ನು ಸೂಚಿಸಿ ಮುಗಿಸುವುದು ಯುಕ್ತ.

ಮೊದಲನೆಯದು ವಿದ್ಯಾರ್ಥಿಗಳಿಗೆ. ದಿನಕ್ಕೊಂದು ವಚನವನ್ನು ಸ್ವಹಸ್ತದಿಂದ ಪುಸ್ತಕದಲ್ಲಿ ಬರೆದು, ಅದರ ಕೆಳಗೆ ತನಗ ತಿಳಿದ ಅರ್ಥವನ್ನು ಸ್ವಂತ ಮಾತಿನಲ್ಲಿ ಎರಡು ಸಾಲು ಬರೆಯಬೇಕು. ತಿಳಿಯದಿದ್ದರೆ ತನ್ನ ಸಂದೇಹವನ್ನು ಬರೆಯಬೇಕು. ಬರೆಯುವ ಕಾಲು ಗಂಟೆ ಮೊಬೈಲು ಬೇರೊಂದು ಕೋಣೆಯಲ್ಲಿರಲಿ. ವರ್ಷದ ಕೊನೆಗೆ ಆ ಪುಸ್ತಕವು ಅವನದೇ ಆದ ಒಂದು ಸಂಪಾದನೆಯಾಗಿರುವುದು. ಬರೆದ ಸಂದೇಹಗಳಲ್ಲಿ ಕೆಲವು ತಾವಾಗಿ ಬಗೆಹರಿದಿರುವುದನ್ನೂ ಅವನು ಕಾಣುವನು.

ಎರಡನೆಯದು ಗೃಹಸ್ಥರಿಗೆ. ತಮ್ಮ ತಮ್ಮ ಕಾಯಕದಲ್ಲಿಯೇ ಒಂದನ್ನು ಆರಿಸಿಕೊಂಡು, ಹಿಂದಿಗಿಂತ ಸ್ವಲ್ಪ ಚೆನ್ನಾಗಿ, ಸ್ವಲ್ಪ ಹೊಸದಾಗಿ ಮಾಡುವ ಅಭ್ಯಾಸವನ್ನು ಇಟ್ಟುಕೊಳ್ಳಬೇಕು. ಪಾತಿಯನ್ನು ತಿರುವುವುದರಲ್ಲಿಯಾಗಲಿ, ಬಟ್ಟೆಯನ್ನು ಹೊಲಿಯುವುದರಲ್ಲಿಯಾಗಲಿ, ಮಕ್ಕಳಿಗೆ ಲೆಕ್ಕವನ್ನು ಹೇಳಿಕೊಡುವುದರಲ್ಲಿಯಾಗಲಿ ಇದು ಸಾಧ್ಯ. ಯಂತ್ರದಂತೆ ಮಾಡಿದ ಕೆಲಸದಲ್ಲಿ ಮನಸ್ಸಿಗೆ ಸ್ಥಳವಿಲ್ಲದಿರುವುದರಿಂದ ಅದು ಹೊರಗೆ ಅಲೆಯುವುದು. ವಿಚಾರಿಸಿ ಮಾಡಿದ ಕೆಲಸದಲ್ಲಿ ಅದಕ್ಕೊಂದು ಮನೆ ದೊರಕುವುದು.

ಮೂರನೆಯದು ಹಿರಿಯರಿಗೆ. ಮನೆಯ ಅಟ್ಟದಲ್ಲಿರುವ ಓಲೆಯ ಕಟ್ಟನ್ನೂ ಹಳೆಯ ಕೈಬರಹವನ್ನೂ ಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿ ಮತ್ತೆ ಕಟ್ಟಿಡುವುದರಿಂದ ಅದು ಉಳಿಯುವುದಿಲ್ಲ. ಬಲ್ಲವರಿಂದ ಓದಿಸಬೇಕು, ಅದರಲ್ಲಿರುವುದನ್ನು ಬರೆದಿಡಿಸಬೇಕು. ನೆನಪಿನಲ್ಲಿರುವ ಹಾಡನ್ನೂ ಕಥೆಯನ್ನೂ ಮೊಮ್ಮಕ್ಕಳಿಂದ ಬರೆಯಿಸಬೇಕು. ಇದಕ್ಕೆ ಮೊಬೈಲೇ ನೆರವಾಗುವುದಾದರೆ ಆಗಲಿ; ಸೇವಕನಾಗಿ ಬಂದುದನ್ನು ಹೊರಗಟ್ಟಬೇಕಾಗಿಲ್ಲ. ಒಬ್ಬ ವೃದ್ಧೆಯೊಡನೆ ನೂರು ಹಾಡುಗಳು ಹೊರಟುಹೋದಮೇಲೆ ಶ್ರದ್ಧಾಂಜಲಿಯ ಸಭೆಯಿಂದ ಒಂದು ಹಾಡೂ ಹಿಂದಿರುಗುವುದಿಲ್ಲ.

ಸದ್ಭಕ್ತರೇ, ಮಹೋತ್ಸವದ ಸಂಪುಟವು ಅಚ್ಚಾಗಿ ಎಲ್ಲರ ಮನೆಗಳನ್ನೂ ಸೇರುವುದು. ಅದು ಗಾಜಿನ ಬೀರುವನ್ನು ಸೇರಿ ಮಠದ ಮೇಲಣ ಗೌರವದ ಗುರುತಾಗಿ ಉಳಿದರೆ, ಚೆದರಿದುದನ್ನು ಕೂಡಿಸಿದ ಹಿರಿಯರಿಗೆ ಸಲ್ಲಿಸಬೇಕಾದ ಋಣವು ತೀರಿದಂತಾಗುವುದಿಲ್ಲ. ಗೂಳೂರಿನ ಒಡೆಯರು ತಮ್ಮ ಹಿಂದಿನ ಮೂವರ ಗ್ರಂಥಗಳಿಗೆ ಕೈಮುಗಿದು ಸುಮ್ಮನಿರಲಿಲ್ಲ. ಅವರು ಮಾಡಿದ ಕೆಲಸವನ್ನೇ ತಾವೂ ಕುಳಿತು ಮಾಡಿದರು. ಈ ಸಂಪುಟವನ್ನು ಓದಿದವರಲ್ಲಿ ಒಬ್ಬ ಹುಡುಗನಾದರೂ, ಒಬ್ಬ ತಾಯಿಯಾದರೂ ಇದರ ಅಂಚಿನಲ್ಲಿ ತಮ್ಮ ಒಂದು ಮಾತನ್ನು ಬರೆದಿಟ್ಟರೆ ಶ್ರೀಮಠದ ಪರಂಪರೆಯು ಮುಂದುವರಿದಂತಾಯಿತು.

ಕಗ್ಗೆರೆಯ ತೋಟದಲ್ಲಿ ನೆಲಸಿದ ಗುರುವು ಎಲ್ಲರ ಚಿತ್ತದಲ್ಲಿಯೂ ನೆಲಸಲಿ. ಎಲ್ಲರ ಕೈಯಿಂದಲೂ ಒಂದೊಂದು ಒಳ್ಳೆಯ ಕೃತಿಯಾಗಲಿ.